ಮೂವತ್ತು ತುಂಬಿದರೆ ಐದು ಅಂಕ ಕಡಿತ

ಕೆನಡಾ ಸರ್ಕಾರದ ವಲಸೆಯ ಲೆಕ್ಕದಲ್ಲಿ ಇಪ್ಪತ್ತೊಂಬತ್ತು ವರ್ಷದ ಒಬ್ಬಂಟಿ ಅರ್ಜಿದಾರನ ವಯಸ್ಸಿನ ಬೆಲೆ 110 ಅಂಕ. ಮೂವತ್ತನೇ ಹುಟ್ಟುಹಬ್ಬದ ದಿನ ಅದು 105. ಮೂವತ್ತೈದಕ್ಕೆ 77, ನಲವತ್ತಕ್ಕೆ 50. ಅಲ್ಲಿಂದ ಮುಂದೆ ಇಳಿಜಾರು ಇನ್ನೂ ಕಡಿದು: ನಲವತ್ತೊಂದಕ್ಕೆ 39, ನಲವತ್ತನಾಲ್ಕಕ್ಕೆ ಬರೀ 6. ನಲವತ್ತೈದು ತುಂಬಿತೋ, ಸೊನ್ನೆ. ಮನೆಯವರು ಪಾಯಸ ಬಡಿಸುವ ಹೊತ್ತಿಗೆ ಅಲ್ಲಿನ ಕಂಪ್ಯೂಟರು ತನ್ನ ಪಾಡಿಗೆ ತಾನು ಅಂಕ ಕಳೆದು ಮುಗಿಸಿರುತ್ತದೆ.

ನಾನು ಮೈಸೂರಿನಲ್ಲಿ ಕಾಲೇಜಿನ ಹುಡುಗರಿಗೆ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಈಗ ಕುವೆಂಪುನಗರದ ಮನೆಯ ಹಾಲಿನಲ್ಲೇ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಕೊಡುತ್ತೇನೆ. ಬರುವವರಲ್ಲಿ ಎಂಜಿನಿಯರುಗಳಿದ್ದಾರೆ, ನರ್ಸುಗಳಿದ್ದಾರೆ, ಬ್ಯಾಂಕಿನ ಕೆಲಸ ಬೇಸರವಾದವರಿದ್ದಾರೆ. ಇಂಗ್ಲಿಷ್ ಕಲಿಯಲೆಂದು ಬಂದವರು ಎರಡನೇ ವಾರಕ್ಕೇ ಪುಸ್ತಕ ಮುಚ್ಚಿಟ್ಟು, 'ಮೇಡಂ, ನಂಗೆ ಎಷ್ಟು ಪಾಯಿಂಟ್ ಬರುತ್ತೆ ಸ್ವಲ್ಪ ನೋಡಿ' ಎನ್ನುತ್ತಾರೆ. ಹೀಗೆ ನೋಡಿ ನೋಡಿ, ಮಗ್ಗಿ ಬಾಯಿಗೆ ಬಂದಂತೆ ಈ ಕೋಷ್ಟಕವೂ ನನಗೆ ಬಾಯಿಗೆ ಬಂದಿದೆ. ನಾನು ಕನ್ಸಲ್ಟೆಂಟ್ ಅಲ್ಲ, ಯಾರ ಅರ್ಜಿಯನ್ನೂ ತುಂಬಿ ಕೊಡುವುದಿಲ್ಲ. ಆದರೆ ಈ ಅಂಕಗಳು ಎಲ್ಲಿಂದ ಬಂದವು, ಹೇಗೆ ಕೂಡುತ್ತವೆ, ಎಲ್ಲಿ ಸೋರಿಹೋಗುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಎಲ್ಲರ ಮೊದಲ ಪ್ರಶ್ನೆ ಒಂದೇ: 'ಪಾಸಾಗೋಕೆ ಎಷ್ಟು ಬೇಕು?' ಸಿಇಟಿ ನೋಡಿದ ನಾಡಿನವರಿಗೆ ಇದರ ಉತ್ತರ ಹೇಳುವುದು ಸುಲಭ. ಎಸ್ಸೆಸ್ಸೆಲ್ಸಿಯಲ್ಲಿ ಪಕ್ಕದ ಬೆಂಚಿನವನಿಗೆ ತೊಂಬತ್ತು ಬಂದರೂ ನಿಮ್ಮ ಪಾಸುಮಾರ್ಕಿಗೆ ಧಕ್ಕೆಯಿಲ್ಲ. ಪಾಸು ಎಂದರೆ ಪಾಸು. ಸಿಇಟಿಯಲ್ಲಿ ಹಾಗಲ್ಲ. ನಿಮ್ಮ ಮುಂದೆ ಎಷ್ಟು ಜನ ಇದ್ದಾರೆ, ಈ ವರ್ಷ ಸೀಟು ಎಷ್ಟು ಎಂಬುದರ ಮೇಲೆ ಕಟಾಫ್ ಏರುತ್ತದೆ, ಇಳಿಯುತ್ತದೆ. ಕೆನಡಾದ ಅಂಕಪದ್ಧತಿ ಹುಟ್ಟಿದಾಗ ಎಸ್ಸೆಸ್ಸೆಲ್ಸಿಯ ಹಾಗಿತ್ತು, ಈಗ ಸಿಇಟಿಯ ಹಾಗಾಗಿದೆ. ಇಷ್ಟು ತಿಳಿದುಕೊಂಡವರು ಅರ್ಧ ದಾರಿ ನಡೆದ ಹಾಗೆ.

ಹುಟ್ಟಿದ ಕಥೆ ತಿಳಿಯಬೇಕಾದರೆ ಅಂಕಗಳಿಲ್ಲದ ಕಾಲಕ್ಕೆ ಹೋಗಬೇಕು. 1908ರಲ್ಲಿ ಕೆನಡಾ ಒಂದು ನಿಯಮ ಮಾಡಿತು: ಸ್ವಂತ ದೇಶದಿಂದ ಎಲ್ಲೂ ನಿಲ್ಲದೆ ನೇರ ಪ್ರಯಾಣ ಮಾಡಿ ಬಂದವರಿಗಷ್ಟೇ ಪ್ರವೇಶ. ಭಾರತದಿಂದ ಹಾಗೆ ಬರಲು ಹಡಗೇ ಇರಲಿಲ್ಲ. 'ಭಾರತೀಯರು ಬರಬಾರದು' ಎಂದು ಎಲ್ಲೂ ಬರೆಯದೆ ಬಾಗಿಲು ಹಾಕುವ ಜಾಣತನ ಅದು. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗಿನಲ್ಲಿ 376 ಜನ, ಹೆಚ್ಚಿನವರು ಪಂಜಾಬಿನ ಸಿಖ್ಖರು, ವ್ಯಾಂಕೋವರ್ ಬಂದರಿಗೆ ಬಂದರು. ಎರಡು ತಿಂಗಳು ನೀರಿನ ಮೇಲೇ ಇರಿಸಿ ಬಹುತೇಕ ಎಲ್ಲರನ್ನೂ ವಾಪಸು ಅಟ್ಟಲಾಯಿತು. ಇದಕ್ಕೆ ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ನಡುವೆ 1951ರಲ್ಲಿ ಭಾರತಕ್ಕೆಂದು ಒಂದು ಕೋಟಾ ಬಂತು, ವರ್ಷಕ್ಕೆ 150 ಜನ. ಆಮೇಲೆ ಅದನ್ನು 300ಕ್ಕೆ ಏರಿಸಿದರು. ಇಷ್ಟು ದೊಡ್ಡ ದೇಶಕ್ಕೆ ಒಂದು ಮದುವೆ ಛತ್ರ ತುಂಬದಷ್ಟು.

1962ರಲ್ಲಿ ನಿಯಮಗಳಿಂದ ಜನಾಂಗಭೇದವನ್ನು ಬಹುಮಟ್ಟಿಗೆ ತೆಗೆದರು. ಆದರೂ ಯಾರು ಯೋಗ್ಯರು ಎಂದು ತೀರ್ಮಾನಿಸುವವನು ಮೇಜಿನ ಆಚೆ ಕೂತ ಅಧಿಕಾರಿಯೇ. ಅವನ ಇಷ್ಟಾನಿಷ್ಟಕ್ಕೆ ಕಡಿವಾಣ ಹಾಕಲು 1967ರ ಅಕ್ಟೋಬರ್ 1ರಂದು ಅಂಕಪದ್ಧತಿ ಬಂತು. ಆಗ ಲೆಸ್ಟರ್ ಪಿಯರ್ಸನ್ ಪ್ರಧಾನಿ, ಜೀನ್ ಮಾರ್ಷಾನ್ ಸಂಬಂಧಪಟ್ಟ ಮಂತ್ರಿ. ಲೆಕ್ಕ ಹೆಣೆದವರಲ್ಲಿ ಮುಖ್ಯ ಹೆಸರು ಟಾಮ್ ಕೆಂಟ್ ಎಂಬ ಹಿರಿಯ ಅಧಿಕಾರಿಯದು. ನೂರಕ್ಕೆ ಐವತ್ತು ಬಂದರೆ ಪಾಸು. ಓದು ಮತ್ತು ತರಬೇತಿಗೆ 20, ನಿಮ್ಮ ಕಸುಬಿಗೆ ಅಲ್ಲಿ ಎಷ್ಟು ಬೇಡಿಕೆ ಎಂಬುದಕ್ಕೆ 15, ಕುಶಲತೆಗೆ, ವಯಸ್ಸಿಗೆ, ಗೊತ್ತಾದ ನೌಕರಿಗೆ, ಇಂಗ್ಲಿಷ್-ಫ್ರೆಂಚ್ ಜ್ಞಾನಕ್ಕೆ ತಲಾ 10, ಅಲ್ಲಿರುವ ನೆಂಟರಿಗೆ 5, ಹೋಗಿ ನೆಲೆಸುವ ಊರಿನ ಕೆಲಸದ ಸ್ಥಿತಿಗೆ 5. ಉಳಿದ 15 ಅಂಕ ಅಧಿಕಾರಿ ಸಂದರ್ಶನದಲ್ಲಿ ನಿಮ್ಮನ್ನು ನೋಡಿ ಹಾಕುವುದು. ಪಕ್ಷಪಾತವನ್ನು ಮುಂಬಾಗಿಲಿಂದ ಕಳಿಸಿ, ಹಿತ್ತಿಲಲ್ಲಿ ಹದಿನೈದು ಅಂಕದಷ್ಟು ಜಾಗ ಇಟ್ಟುಕೊಂಡಿದ್ದರು ಎಂದು ನನಗೆ ಅನ್ನಿಸುತ್ತದೆ. ಇಂದಿನ ಲೆಕ್ಕದಲ್ಲಿ ಆ ಕಲಮು ಇಲ್ಲ. ಏನೇ ಇರಲಿ, ಹುಟ್ಟಿದ ದೇಶಕ್ಕೆ ಅಂಕವಿಲ್ಲ ಎಂದು ಅಚ್ಚುಹಾಕಿ ಹೇಳಿದ್ದು ದೊಡ್ಡ ಮಾತೇ. ನಮ್ಮ ಕಡೆಯ ಡಾಕ್ಟರು, ಎಂಜಿನಿಯರುಗಳು ಎಪ್ಪತ್ತರ ದಶಕದಲ್ಲಿ ಟೊರಾಂಟೊ ಕಡೆ ಹೋಗಿ ನೆಲೆಸಲು ಸಾಧ್ಯವಾದದ್ದು ಇದರಿಂದ.

ಪಾಸುಮಾರ್ಕಿನ ಪದ್ಧತಿಗೆ ಒಂದು ತೊಂದರೆಯಿತ್ತು. ಪಾಸಾದವರೆಲ್ಲ ಸಾಲಿನಲ್ಲಿ ನಿಂತರು; ವರ್ಷಕ್ಕೆ ಒಳಬಿಡುವವರ ಸಂಖ್ಯೆ ಮಾತ್ರ ಗೊತ್ತುಪಡಿಸಿದ್ದು. ಸಾಲು ಬೆಳೆದು ಬೆಳೆದು, 2012ರಲ್ಲಿ ಸರ್ಕಾರ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಸಂಬಂಧಿಸಿದ ಹಳೆಯ ಅರ್ಜಿಗಳನ್ನು ಕೈಬಿಟ್ಟು ಶುಲ್ಕ ಹಿಂತಿರುಗಿಸುವುದಾಗಿ ಹೇಳಿತು. ವರ್ಷಗಟ್ಟಲೆ ಕಾದವರ ಸಂಕಟ ನೀವೇ ಊಹಿಸಿಕೊಳ್ಳಿ. ನ್ಯೂಜಿಲೆಂಡ್ 2003ರಲ್ಲೇ ಬೇರೆ ದಾರಿ ತೋರಿಸಿತ್ತು: ಮೊದಲು ಆಸಕ್ತಿ ತಿಳಿಸಿ, ನಾವು ಕರೆದರೆ ಮಾತ್ರ ಅರ್ಜಿ ಹಾಕಿ. ಆಸ್ಟ್ರೇಲಿಯಾ 2012ರಲ್ಲಿ ಅದನ್ನು ಹಿಡಿಯಿತು, ಕೆನಡಾ 2015ರ ಜನವರಿ 1ರಂದು 'ಎಕ್ಸ್‌ಪ್ರೆಸ್ ಎಂಟ್ರಿ' ಎಂಬ ಹೆಸರಿನಲ್ಲಿ ಶುರುಮಾಡಿತು.

ಈಗಿನ ವ್ಯವಸ್ಥೆ ಹೀಗೆ. ಹೊರಬಾಗಿಲಿನಲ್ಲಿ ಹಳೆಯ ಪಾಸುಮಾರ್ಕಿನ ಒಂದು ಕುರುಹು ಉಳಿದಿದೆ. ಭಾರತದಲ್ಲೇ ಕೂತು ಅರ್ಜಿ ಹಾಕುವ ಕುಶಲ ಕೆಲಸಗಾರನಿಗೆ ನೂರಕ್ಕೆ 67 ಬರಬೇಕು. ಅದು ದಾಟಿದರೆ ಪ್ರೊಫೈಲ್ ಆಹ್ವಾನಕ್ಕೆ ಕಾಯುವವರ 'ಪೂಲ್' ಸೇರುತ್ತದೆ. ಒಳಗೆ ಹೋದ ಮೇಲೆ ಆ 67ನ್ನು ಯಾರೂ ಕೇಳುವುದಿಲ್ಲ. ಅಲ್ಲಿ 1,200 ಅಂಕಗಳ ಇನ್ನೊಂದು ಲೆಕ್ಕ, ಅದಕ್ಕೆ ಸಿಆರ್‌ಎಸ್ ಎಂದು ಹೆಸರು. ಆಗಾಗ 'ಡ್ರಾ' ಮಾಡುತ್ತಾರೆ. ಹೆಸರು ಡ್ರಾ ಆದರೂ ಇದರಲ್ಲಿ ಲಾಟರಿಯ ಅದೃಷ್ಟವಿಲ್ಲ. ಮೇಲಿನಿಂದ ಎಣಿಸಿಕೊಂಡು ಬೇಕಾದಷ್ಟು ಜನರಿಗೆ ಆಹ್ವಾನ ಕಳಿಸುತ್ತಾರೆ. ಕೊನೆಯವನ ಅಂಕವೇ ಆ ದಿನದ ಕಟಾಫ್. ಇಬ್ಬರ ಅಂಕ ಸಮವಾದರೆ ಮೊದಲು ಪ್ರೊಫೈಲ್ ಹಾಕಿದವನು ಮುಂದೆ. ಆಹ್ವಾನ ಬಂದವನಿಗೆ ಪೂರ್ತಿ ಅರ್ಜಿ ಸಲ್ಲಿಸಲು 60 ದಿನ. ಬರದವನ ಪ್ರೊಫೈಲ್ 12 ತಿಂಗಳು ಪೂಲ್‌ನಲ್ಲಿ ಇದ್ದು, ಆಮೇಲೆ ಹೊಸದಾಗಿ ಹಾಕಬೇಕು.

ಕಟಾಫ್ ಎಷ್ಟು ಚಂಚಲ ಎನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 2021ರ ಫೆಬ್ರವರಿ 13ರಂದು ಒಂದೇ ಡ್ರಾದಲ್ಲಿ 27,332 ಜನರನ್ನು ಕರೆದರು. ಕಟಾಫ್ ಬರೀ 75. ಕೊರೊನಾದಿಂದ ಗಡಿ ಮುಚ್ಚಿತ್ತು, ಆ ವರ್ಷದ ಗುರಿ ಮಾತ್ರ ನಾಲ್ಕು ಲಕ್ಷ ದಾಟಿತ್ತು. ಹಾಗಾಗಿ ಆಗಲೇ ಕೆನಡಾದೊಳಗೆ ದುಡಿದ ಅನುಭವವಿದ್ದವರನ್ನು ಬಾಚಿಕೊಂಡರು. ಮೂರು ವರ್ಷ ಕಳೆದು, 2024ರ ಏಪ್ರಿಲ್ 23ರ ಸಾಮಾನ್ಯ ಡ್ರಾದಲ್ಲಿ ಕಟಾಫ್ 529. ಅದೇ ದೇಶ, ಅದೇ ಕೋಷ್ಟಕ. ಹೀಗಿರುವಾಗ 'ನಮ್ಮ ಕಸಿನ್ ಅಷ್ಟರಲ್ಲೇ ಹೋದ' ಎಂಬ ಮಾತಿಗೆ ಅರ್ಥವಿಲ್ಲ. ಕಸಿನ್ ಹೋದ ವರ್ಷ ಯಾವುದು ಎಂದು ಮೊದಲು ಕೇಳಬೇಕು.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. ಓದು, ವಯಸ್ಸು, ಅನುಭವ ಇವೆಲ್ಲ ಆಗಿಹೋದ ಸಂಗತಿಗಳು. ಮೂವತ್ತಮೂರು ವರ್ಷದವನು ಇಪ್ಪತ್ತೆಂಟಕ್ಕೆ ಮರಳಲಾರ. ಕೋಷ್ಟಕದಲ್ಲಿ ಇವತ್ತು ಕೂತು ಬದಲಾಯಿಸಬಹುದಾದದ್ದು ಭಾಷೆಯ ಅಂಕ. ಅದರ ತೂಕ ಎಷ್ಟು ಎಂಬುದು ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಐಇಎಲ್‌ಟಿಎಸ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಕೇಳುವುದರಲ್ಲಿ 8, ಉಳಿದ ಮೂರರಲ್ಲಿ 7 ಬ್ಯಾಂಡ್ ಬಂದರೆ ಕೆನಡಾದ ಅಳತೆಯಲ್ಲಿ ಒಂಬತ್ತನೇ ಮಟ್ಟ. ಕೋಚಿಂಗ್ ಲೋಕದಲ್ಲಿ ಇದನ್ನು 'ಎಂಟು-ಏಳು-ಏಳು-ಏಳು' ಎಂದು ಜಪಿಸುತ್ತಾರೆ. ಅದು ಯಾಕೆ ಎಂದು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಹಾಸನದ ಕಡೆಯ ಒಬ್ಬ ಹುಡುಗಿ ಬಂದಿದ್ದಳು. ವಯಸ್ಸು ಇಪ್ಪತ್ತೆಂಟು, ಮದುವೆಯಾಗಿಲ್ಲ, ಎಂ.ಟೆಕ್ ಆಗಿದೆ, ಬೆಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ. ಮೊದಲ ಪರೀಕ್ಷೆಯಲ್ಲಿ ಕೇಳುವುದು 8, ಓದುವುದು 7, ಮಾತು 7, ಬರವಣಿಗೆ ಮಾತ್ರ 6.5. ವಯಸ್ಸಿಗೆ 110, ಸ್ನಾತಕೋತ್ತರ ಪದವಿಗೆ 135. ಭಾಷೆಗೆ ಮೂರು ಭಾಗಕ್ಕೆ ತಲಾ 31, ಬರವಣಿಗೆಗೆ 23, ಒಟ್ಟು 116. ಇಷ್ಟೇ ಆಗಿದ್ದರೆ ಅರ್ಧ ಬ್ಯಾಂಡಿಗೆ ಎಂಟು ಅಂಕ ಹೋಯಿತು ಎಂದು ಸುಮ್ಮನಿರಬಹುದಿತ್ತು. ಆದರೆ ಇನ್ನೊಂದು ಕಲಮಿದೆ: ಓದಿನ ಜೊತೆಗೆ ಭಾಷೆ, ಅನುಭವದ ಜೊತೆಗೆ ಭಾಷೆ, ಹೀಗೆ ಜೋಡಿ ನೋಡಿ ಕೊಡುವ ಅಂಕ. ನಾಲ್ಕೂ ಭಾಗದಲ್ಲಿ ಒಂಬತ್ತನೇ ಮಟ್ಟವಿದ್ದರೆ ಅವಳಂಥವರಿಗೆ ಎರಡು ಜೋಡಿಗೂ ಐವತ್ತೈವತ್ತು. ಒಂದರಲ್ಲಿ ಎಡವಿದರೂ ಇಪ್ಪತ್ತೈದಿಪ್ಪತ್ತೈದು. ಹೀಗಾಗಿ ಅವಳ ಒಟ್ಟು 411. ಬರವಣಿಗೆಯಲ್ಲಿ 7 ಬಂದಿದ್ದರೆ 469.

ಐವತ್ತೆಂಟು ಅಂಕ, ಅರ್ಧ ಬ್ಯಾಂಡಿಗೆ. ಇಪ್ಪತ್ತೊಂಬತ್ತರಿಂದ ಮೂವತ್ತೊಂಬತ್ತರವರೆಗೆ ಹತ್ತು ವರ್ಷ ಸೇರಿ ವಯಸ್ಸು ಕಸಿಯುವುದು 55.

ನಮ್ಮವರು ಬರವಣಿಗೆಯಲ್ಲಿ ಎಡವುವುದಕ್ಕೆ ಕಾರಣ ವ್ಯಾಕರಣ ಎಂದು ಜನ ತಿಳಿಯುತ್ತಾರೆ. ನನಗೆ ಕಂಡದ್ದು ಬೇರೆ. ವಲಸೆಗೆಂದು ಬರೆಯುವ ಪರೀಕ್ಷೆಯಲ್ಲಿ ಮೊದಲು ಒಂದು ಪತ್ರ, 150 ಪದ. ಆಮೇಲೆ ಒಂದು ಪ್ರಬಂಧ, 250 ಪದ. ಎರಡಕ್ಕೂ ಸೇರಿ ಒಂದು ಗಂಟೆ. 'ಗೆಳತಿಯ ಮನೆಯಲ್ಲಿ ವಾರ ಇದ್ದು ಬಂದಿದ್ದೀರಿ, ಕನ್ನಡಕ ಮರೆತಿದ್ದೀರಿ, ಅವಳಿಗೆ ಬರೆಯಿರಿ' ಎಂದರೆ ನಮ್ಮ ಹುಡುಗರು ತಹಶೀಲ್ದಾರರಿಗೆ ಮನವಿ ಬರೆದಂತೆ ಬರೆಯುತ್ತಾರೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಆದ್ಯ ಗಮನಕ್ಕೆ ತರುತ್ತಾ, ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತಾ. ಕನ್ನಡಕಕ್ಕೆ ಸೂಕ್ತ ಕ್ರಮವೇ! ಗೆಳತಿಗೆ ಗೆಳತಿಯ ಹಾಗೆ ಬರೆಯುವುದನ್ನು ಶಾಲೆ ಯಾವತ್ತೂ ಕಲಿಸಿಲ್ಲ, ಅದಕ್ಕೆ ಅವರನ್ನು ಬೈದು ಫಲವಿಲ್ಲ. ಪ್ರಬಂಧದಲ್ಲಿ ಇನ್ನೊಂದು ರೋಗ, ಬಾಯಿಪಾಠದ ಪೀಠಿಕೆ. ಎಲ್ಲ ವಿಷಯಕ್ಕೂ ಹೊಂದುವ ನಾಲ್ಕು ಸಾಲು ಯಾರೋ ಯೂಟ್ಯೂಬಿನಲ್ಲಿ ಹೇಳಿಕೊಟ್ಟಿರುತ್ತಾರೆ. ಪರೀಕ್ಷಕರು ಅದನ್ನು ಮೂಸಿ ನೋಡಿಯೇ ಗುರುತು ಹಿಡಿಯುತ್ತಾರೆ. ಒಂದು ಸಲ ಪರೀಕ್ಷೆ ಬರೆಯಲು ಹದಿನೇಳು ಹದಿನೆಂಟು ಸಾವಿರ ರೂಪಾಯಿ. ಫಲಿತಾಂಶದ ಆಯುಸ್ಸು ಎರಡು ವರ್ಷ. ಆದ್ದರಿಂದ ತಯಾರಿಯಿಲ್ಲದೆ 'ಟ್ರೈ ಮಾಡೋಣ' ಎಂದು ಹೋಗಬೇಡಿ ಎನ್ನುತ್ತೇನೆ.

ಕಾಗದಪತ್ರಗಳ ಪಾಡು ಬೇರೆಯದೇ. ಡಿಗ್ರಿಯನ್ನು ಕೆನಡಾದ ಡಿಗ್ರಿಗೆ ಸಮ ಎಂದು ಅಲ್ಲಿ ಮಾನ್ಯತೆ ಪಡೆದ ಸಂಸ್ಥೆಯೊಂದು ಹೇಳಬೇಕು, ಅದಕ್ಕೆ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕು. ವಿಶ್ವವಿದ್ಯಾಲಯದ ಕಿಟಕಿಯ ಮುಂದೆ ನಿಂತವರಿಗೆ ಅದರ ಹೆಚ್ಚಿನ ವಿವರಣೆ ಬೇಡ. ಅನುಭವದ ಪತ್ರದಲ್ಲಿ ಹುದ್ದೆಯ ಹೆಸರಿದ್ದರೆ ಸಾಲದು. ದಿನವೂ ಏನು ಕೆಲಸ ಮಾಡುತ್ತಿದ್ದಿರಿ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು ಎಂದು ಇರಬೇಕು. ಸಣ್ಣ ಕಂಪನಿಯ ಮಾಲೀಕರು ಇವೆಲ್ಲ ಬಿಟ್ಟು 'ಸನ್ನಡತೆಯುಳ್ಳವರು' ಎಂದು ಬರೆದು ಕೊಡುತ್ತಾರೆ. ಸನ್ನಡತೆಗೆ ಅಲ್ಲಿ ಅಂಕವಿಲ್ಲ. ದುಡ್ಡನ್ನೂ ತೋರಿಸಬೇಕು: ಒಬ್ಬರಿಗೆ ಸುಮಾರು 15,000 ಕೆನಡಾ ಡಾಲರ್, ಆರು ತಿಂಗಳಿಂದ ಬ್ಯಾಂಕಿನಲ್ಲಿ ಇದ್ದದ್ದು. 'ಮೇಡಂ, ಚಿಕ್ಕಮಗಳೂರಲ್ಲಿ ತೋಟ ಇದೆ, ಹೆಬ್ಬಾಳದಲ್ಲಿ ಸೈಟಿದೆ' ಎಂದರೆ ನಡೆಯದು. ಸಾಲ ತಂದು ಇಟ್ಟ ದುಡ್ಡೂ ನಡೆಯದು.

ಗಂಡ ಹೆಂಡತಿ ಒಟ್ಟಿಗೆ ಹೋಗುವುದಾದರೆ ಒಬ್ಬರು ಮುಖ್ಯ ಅರ್ಜಿದಾರರು, ಇನ್ನೊಬ್ಬರು ಜೊತೆಗಾರರು. ನನ್ನ ಹಾಲಿನಲ್ಲಿ ಅತಿ ಹೆಚ್ಚು ಮಾತುಕತೆ ನಡೆಯುವುದು ಇಲ್ಲೇ. ದಾವಣಗೆರೆಯ ದಂಪತಿಯೊಬ್ಬರದನ್ನು ಹೇಳುತ್ತೇನೆ. ಗಂಡನಿಗೆ ಮೂವತ್ತಾರು, ಬಿ.ಇ., ಭಾಷೆ ಏಳನೇ ಮಟ್ಟ. ಹೆಂಡತಿಗೆ ಮೂವತ್ತೊಂದು, ಎಂ.ಟೆಕ್, ಭಾಷೆ ಒಂಬತ್ತನೇ ಮಟ್ಟ. ಇಬ್ಬರಿಗೂ ಮೂರು ವರ್ಷ ಮೀರಿದ ಅನುಭವ. ಅವರು ಬಂದಾಗ ಫಾರಂ ಗಂಡನ ಹೆಸರಿನಲ್ಲಿ ಸಿದ್ಧವಾಗಿತ್ತು, ಯಾಕೆಂದು ಇಬ್ಬರೂ ಯೋಚಿಸಿಯೇ ಇರಲಿಲ್ಲ. ಆ ಲೆಕ್ಕದಲ್ಲಿ 309 ಬರುತ್ತಿತ್ತು. ಹೆಂಡತಿಯನ್ನು ಮುಖ್ಯ ಅರ್ಜಿದಾರಳಾಗಿ ಮಾಡಿದರೆ 452. ಅದೇ ಮನೆ, ಅದೇ ಓದು, 143 ಅಂಕದ ವ್ಯತ್ಯಾಸ. ಹುಡುಗ ಒಳ್ಳೆಯವನು, ನಕ್ಕು ಒಪ್ಪಿಕೊಂಡ. ಜೊತೆಗೆ ಬಂದಿದ್ದ ಅವನ ತಾಯಿ ಮಾತ್ರ, 'ಹಂಗಾದ್ರೆ ಇವ್ನು ಹೆಂಡ್ತಿ ಬೆನ್ನ ಹಿಂದೆ ಹೋಗೋದೇನ್ರೀ?' ಎಂದರು. ಸೊಸೆ ಏನೂ ಹೇಳಲಿಲ್ಲ. ಕೆನಡಾದ ಕೋಷ್ಟಕಕ್ಕೆ ಮನೆಯ ಯಜಮಾನ ಯಾರು ಎಂಬುದು ತಿಳಿಯದು. ಈ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ ಗುಣ ಅದು.

ಈಗ ಕಹಿ ಮಾತು. ಬರವಣಿಗೆಯಲ್ಲಿ 7 ಬಂದು 469 ಆದರೂ ಹಾಸನದ ಹುಡುಗಿಗೂ 452ರ ದಂಪತಿಗೂ 529ರ ಕಟಾಫ್ ನಿಲುಕುವುದಿಲ್ಲ. ಪೂಲ್‌ನಲ್ಲಿ ಅವರ ಜೊತೆ ಇರುವವರು ಬೆಂಗಳೂರಿನವರು, ಲಾಗೋಸಿನವರು ಮಾತ್ರವಲ್ಲ. ಕೆನಡಾದಲ್ಲೇ ಓದಿ, ಅಲ್ಲೇ ಒಂದೆರಡು ವರ್ಷ ಕೆಲಸ ಮಾಡಿದವರಿದ್ದಾರೆ. ಅಲ್ಲಿನ ಒಂದು ವರ್ಷದ ಅನುಭವಕ್ಕೇ 40 ಅಂಕ, ಅಲ್ಲಿನ ಓದಿಗೆ ಇನ್ನೂ 15ರಿಂದ 30. ಮೇಲಾಗಿ 2023ರಿಂದ ಸರ್ಕಾರ ಗುಂಪು ಮಾಡಿ ಡ್ರಾ ತೆಗೆಯುತ್ತಿದೆ: ಆರೋಗ್ಯ ಸೇವೆಯವರಿಗೆ ಬೇರೆ, ಬಡಗಿ-ಪ್ಲಂಬರ್‌ನಂಥ ಕಸುಬಿನವರಿಗೆ ಬೇರೆ, ಫ್ರೆಂಚ್ ಬಲ್ಲವರಿಗೆ ಬೇರೆ. 1967ರ 'ಕಸುಬಿನ ಬೇಡಿಕೆ' ಎಂಬ ಕಲಮು ಹೊಸ ಬಟ್ಟೆ ತೊಟ್ಟು ಮರಳಿದೆ, ಅಷ್ಟೆ. ಒಳಬಿಡುವವರ ಸಂಖ್ಯೆಯೂ ಕುಗ್ಗಿದೆ. 2025ಕ್ಕೆ ಐದು ಲಕ್ಷ ಎಂದಿದ್ದ ಗುರಿಯನ್ನು 2024ರ ಅಕ್ಟೋಬರ್‌ನಲ್ಲಿ 3,95,000ಕ್ಕೆ ಇಳಿಸಿದರು. ಮನೆ ಬಾಡಿಗೆ ಏರಿದ್ದಕ್ಕೆ, ಆಸ್ಪತ್ರೆಯಲ್ಲಿ ಸಾಲು ಬೆಳೆದದ್ದಕ್ಕೆ ಅಲ್ಲಿನ ಜನ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದರ ಫಲ ಇದು.

ಮೇಲೇರಲು ಉಳಿದ ಮೆಟ್ಟಿಲು ಎರಡು. ಒಂದು, ಅಲ್ಲಿನ ಯಾವುದಾದರೂ ಪ್ರಾಂತ್ಯ ನಿಮ್ಮನ್ನು 'ನಮಗೆ ಬೇಕು' ಎಂದು ನಾಮನಿರ್ದೇಶನ ಮಾಡುವುದು. ಅದಕ್ಕೆ ಒಮ್ಮೆಗೇ 600 ಅಂಕ, ಆಹ್ವಾನ ಖಚಿತ ಎಂದೇ ಲೆಕ್ಕ. ಆದರೆ ಆ ಪ್ರಾಂತ್ಯದ ಪಟ್ಟಿಯಲ್ಲಿ ನಿಮ್ಮ ಕಸುಬು ಇರಬೇಕು, ಅಲ್ಲೇ ನೆಲೆಸುವ ಮನಸ್ಸೂ ಇರಬೇಕು. ಎರಡನೆಯದು ಫ್ರೆಂಚ್. ಹಾಸನದ ಹುಡುಗಿ ಆ 469ರ ಇಂಗ್ಲಿಷಿನ ಜೊತೆಗೆ ಫ್ರೆಂಚಿನಲ್ಲೂ ಏಳನೇ ಮಟ್ಟ ತಲುಪಿದರೆ 62 ಅಂಕ ಸೇರಿ 531 ಆಗುತ್ತದೆ. ಅದಕ್ಕಿಂತ ಮುಖ್ಯ, ಫ್ರೆಂಚ್ ಗುಂಪಿನ ಡ್ರಾಗೆ ಅವಳು ಅರ್ಹಳಾಗುತ್ತಾಳೆ. 2024ರ ಫೆಬ್ರವರಿ 29ರಂದು ಆ ಗುಂಪಿನ ಕಟಾಫ್ 336ಕ್ಕೆ ಇಳಿದಿತ್ತು. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನ ತರಗತಿಗಳಲ್ಲಿ ಮೂವತ್ತು ದಾಟಿದ ಎಂಜಿನಿಯರುಗಳು ಕ್ರಿಯಾಪದ ಉರುಹೊಡೆಯುತ್ತಾ ಕೂತಿದ್ದರೆ ಅದು ಫ್ರೆಂಚ್ ಸಾಹಿತ್ಯದ ಮೋಹದಿಂದಲೇ ಎಂದುಕೊಳ್ಳಬೇಡಿ. ಸೊನ್ನೆಯಿಂದ ಏಳನೇ ಮಟ್ಟಕ್ಕೆ ಹೋಗುವುದು ನಾಲ್ಕಾರು ತಿಂಗಳ ಆಟವಲ್ಲ. ಆದರೆ ಸಾಧಿಸಿದವರಿದ್ದಾರೆ.

ನೌಕರಿಯ ಪತ್ರಕ್ಕೆ ಅಂಕ ಸಿಗುವುದಿಲ್ಲವೇ ಎಂದು ಕೇಳುತ್ತಾರೆ. ಇದರ ಕಥೆಯೇ ಒಂದು ಪಾಠ. 2015ರಲ್ಲಿ ಕೆನಡಾದ ಕಂಪನಿಯೊಂದು ಸರಿಯಾದ ಅನುಮತಿಯೊಡನೆ ಕೆಲಸ ಕೊಟ್ಟರೆ 600 ಅಂಕ ಇತ್ತು. 2016ರ ನವೆಂಬರ್‌ನಲ್ಲಿ ಅದನ್ನು ಬಹುತೇಕರಿಗೆ 50ಕ್ಕೆ, ಅತಿ ಮೇಲಿನ ಹುದ್ದೆಗಳಿಗೆ 200ಕ್ಕೆ ಇಳಿಸಿದರು. 2025ರ ಮಾರ್ಚ್ 25ರಿಂದ ಪೂರ್ತಿ ತೆಗೆದೇಬಿಟ್ಟರು. ಕಾರಣ, ಆ ಅಂಕಕ್ಕಾಗಿ ನೌಕರಿಯ ಪತ್ರಗಳು ಮಾರಾಟಕ್ಕೆ ಬಂದವು. ಪತ್ರ ಮಾರುವವರಿಗೆ ಇದು ಇನ್ನೂ ಗೊತ್ತಿಲ್ಲದಂತೆ ಕಾಣುತ್ತದೆ. ನನ್ನ ಒಬ್ಬ ವಿದ್ಯಾರ್ಥಿಗೆ ಕಳೆದ ವರ್ಷದ ಕೊನೆಯಲ್ಲಿ ಹತ್ತಾರು ಲಕ್ಷಕ್ಕೆ ಇಂಥದೊಂದು ಪತ್ರ ಕೊಡಿಸುವುದಾಗಿ, 'ಐವತ್ತು ಪಾಯಿಂಟ್ ಗ್ಯಾರಂಟಿ' ಎಂದು ಫೋನು ಬಂತು. ಇಲ್ಲದ ಅಂಕಕ್ಕೆ ಗ್ಯಾರಂಟಿ! ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಐದು ವರ್ಷ ಕೆನಡಾದ ಬಾಗಿಲು ಬಂದ್. ಆ ಶಿಕ್ಷೆ ಅರ್ಜಿದಾರನಿಗೆ. ಏಜೆಂಟ್ ಅಷ್ಟರಲ್ಲಿ ಬೇರೆ ಬೋರ್ಡು ಹಾಕಿರುತ್ತಾನೆ.

ಬೇರೆ ದೇಶಗಳ ವಿಚಾರ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಬ್ರಿಟನ್ 2021ರಿಂದ ನಡೆಸುತ್ತಿರುವುದು ಹೆಸರಿಗಷ್ಟೇ ಅಂಕಪದ್ಧತಿ. 70 ಅಂಕ ಬೇಕು, ಆದರೆ ಅದರಲ್ಲಿ ಕೆಲಸದ ಕರೆ, ಕೆಲಸದ ಮಟ್ಟ, ಇಂಗ್ಲಿಷ್ ಮೂರೂ ಕಡ್ಡಾಯ. ಕೆಲಸ ಕೊಡುವವನಿಲ್ಲದೆ ಒಂದು ಹೆಜ್ಜೆ ಇಡಲಾಗದು. ಜರ್ಮನಿ 2024ರ ಜೂನ್‌ನಲ್ಲಿ 'ಅವಕಾಶ ಕಾರ್ಡ್' ಶುರುಮಾಡಿದೆ. ಆರು ಅಂಕ ಇದ್ದರೆ ಅಲ್ಲಿಗೆ ಹೋಗಿ ಕೆಲಸ ಹುಡುಕಬಹುದು, ಮೂವತ್ತೈದರೊಳಗಿನವರಿಗೆ ವಯಸ್ಸಿನಿಂದಲೇ ಎರಡು ಅಂಕ. ಅಮೆರಿಕದಲ್ಲಿ ಅಂಕವೇ ಇಲ್ಲ. ಹುಟ್ಟಿದ ದೇಶಕ್ಕೆ ಇಷ್ಟು ಎಂಬ ಮಿತಿಯಿಂದಾಗಿ ನಮ್ಮವರು ಗ್ರೀನ್ ಕಾರ್ಡಿಗೆ ಕಾಯುತ್ತಾ ಮುದುಕರಾಗುತ್ತಿದ್ದಾರೆ. ಅವರ ಅಸಹನೆಯನ್ನು ಕೆನಡಾ ಚೆನ್ನಾಗಿ ಬಲ್ಲದು: 2023ರ ಜುಲೈನಲ್ಲಿ ಅಮೆರಿಕದ ಎಚ್-1ಬಿ ವೀಸಾದವರಿಗೆಂದು 10,000 ಕೆಲಸದ ಪರವಾನಗಿ ತೆರೆದಾಗ ಎರಡೇ ದಿನದಲ್ಲಿ ಮುಗಿದುಹೋಯಿತು.

ಆಸ್ಟ್ರೇಲಿಯಾದ ಒಂದು ವಿವರ ಮಾತ್ರ ನಾನು ಎಲ್ಲರಿಗೂ ಹೇಳುತ್ತೇನೆ, ಕೇಳಿದವರು ನಂಬುವುದಿಲ್ಲ. ಅಲ್ಲಿ ಕನಿಷ್ಠ 65 ಅಂಕ ಬೇಕು, ಅದರಲ್ಲಿ 5 ಅಂಕ ಕನ್ನಡದಿಂದ ಬರಬಹುದು. 'ನಾಟಿ' ಎಂಬ ಸಂಸ್ಥೆ ಅಲ್ಲಿನ ಸಮುದಾಯ ಭಾಷೆಗಳಲ್ಲಿ ಪರೀಕ್ಷೆ ನಡೆಸುತ್ತದೆ, ಪಟ್ಟಿಯಲ್ಲಿ ಕನ್ನಡವೂ ಇದೆ. ಇಂಗ್ಲಿಷ್ ಮಾತಾಡುವ ಡಾಕ್ಟರು, ಕನ್ನಡ ಮಾತಾಡುವ ರೋಗಿ, ನಡುವೆ ನೀವು. ಅಂಥ ಎರಡು ಸಂಭಾಷಣೆ, 90ಕ್ಕೆ 63 ಬರಬೇಕು. ಮನೆಯಲ್ಲಿ ಕನ್ನಡ ಆಡುವ ಬೆಂಗಳೂರಿನ ಹುಡುಗರು ಇದನ್ನು ನೀರು ಕುಡಿದಷ್ಟು ಸಲೀಸು ಎಂದುಕೊಂಡು ಕೂರುತ್ತಾರೆ. ವಿಮೆ, ಕಂತು, ಬಾಡಿಗೆ ಕರಾರು, ರಕ್ತದೊತ್ತಡ ಎಂಬ ಮಾತು ಬಂದಾಗ ಬಾಯಿ ತಡವರಿಸುತ್ತದೆ. ಇಂಗ್ಲಿಷ್ ಮೇಡಂ ಆದ ನಾನು ಅವರಿಗೆ ದಿನಪತ್ರಿಕೆಯ ವಾಣಿಜ್ಯ ಪುಟ ಓದಿಸಿ ಕನ್ನಡ ಕಲಿಸಬೇಕಾಗಿ ಬಂದಿದೆ.

ಮತ್ತೆ ಕೆನಡಾಕ್ಕೆ ಬರೋಣ. ಅಂಕ ಬಂದು, ಆಹ್ವಾನ ಬಂದು, ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ, ಕೈಗೆ ಸಿಕ್ಕಿತು ಎಂದುಕೊಳ್ಳೋಣ. ಅಲ್ಲಿಗೆ ಸಿಕ್ಕಿದ್ದು ಇರುವ ಹಕ್ಕು. ಕೆಲಸ ನೀವೇ ಹುಡುಕಬೇಕು. ಡಾಕ್ಟರು, ನರ್ಸು, ವಕೀಲರು, ಶಾಲೆಯ ಮೇಷ್ಟ್ರು ಇವರೆಲ್ಲ ಆಯಾ ಪ್ರಾಂತ್ಯದ ಲೈಸೆನ್ಸು ಪಡೆಯಬೇಕು. ಅದನ್ನು ಕೊಡುವ ಮಂಡಳಿಗಳಿಗೆ ನಿಮ್ಮ 500 ಅಂಕದ ಹಂಗಿಲ್ಲ. ಅಲ್ಲಿನ ಕೇಂದ್ರ ಸರ್ಕಾರ ಎಂಬಿಬಿಎಸ್‌ಗೆ ಅಂಕ ಕೊಟ್ಟು ಕರೆಯುತ್ತದೆ, ಪ್ರಾಂತ್ಯದ ಮಂಡಳಿ ಮೊದಲಿಂದ ಪರೀಕ್ಷೆ ಬರೆ ಎನ್ನುತ್ತದೆ. ಕರೆದದ್ದೂ ಅದೇ ದೇಶ, ಹೊಸಿಲಲ್ಲಿ ತಡೆಯುವುದೂ ಅದೇ ದೇಶ. ಇದು ಈ ಪದ್ಧತಿಯ ದೊಡ್ಡ ಅಪ್ರಾಮಾಣಿಕತೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆದ್ದರಿಂದ ಲೈಸೆನ್ಸು ಬೇಕಾದ ಕಸುಬಿನವರು ಸಿಆರ್‌ಎಸ್ ಲೆಕ್ಕ ಹಾಕುವ ಮುಂಚೆ ಲೈಸೆನ್ಸಿನ ನಿಯಮ ಓದಬೇಕು. ಕೆಲವು ಹೆಜ್ಜೆಗಳನ್ನು ಮೈಸೂರಿನಲ್ಲೇ ಕೂತು ಶುರುಮಾಡಬಹುದು.

ತಂದೆತಾಯಿಗಳೂ ನನ್ನಲ್ಲಿಗೆ ಬರುತ್ತಾರೆ, ಮಕ್ಕಳನ್ನು ಬಿಡಲು ಬಂದ ನೆಪದಲ್ಲಿ. 'ಆಮೇಲೆ ನಮ್ಮನ್ನೂ ಕರೆಸ್ಕೋಬಹುದಲ್ವಾ?' ಎಂದು ಮೆಲ್ಲಗೆ ಕೇಳುತ್ತಾರೆ. ಕೋಷ್ಟಕದಲ್ಲಿ ಅಣ್ಣತಮ್ಮ ಅಕ್ಕತಂಗಿಯರು ಅಲ್ಲಿದ್ದರೆ 15 ಅಂಕವಿದೆ, ತಂದೆತಾಯಿಗೆ ಕಲಮೇ ಇಲ್ಲ. ಅವರನ್ನು ಖಾಯಂ ಆಗಿ ಕರೆಸುವ ಯೋಜನೆಯಲ್ಲಿ ಆಯ್ಕೆ ನಡೆದುಕೊಂಡು ಬಂದದ್ದು ನಿಜಕ್ಕೂ ಚೀಟಿ ಎತ್ತಿದ ಹಾಗೆ. ಸೂಪರ್ ವೀಸಾ ಎಂಬುದೊಂದಿದೆ, ಒಂದು ಸಲಕ್ಕೆ ಐದು ವರ್ಷದವರೆಗೆ ಇರಬಹುದು, ಕನಿಷ್ಠ ಒಂದು ಲಕ್ಷ ಡಾಲರಿನ ಆರೋಗ್ಯ ವಿಮೆ ಮಾಡಿಸಬೇಕು. ಇದನ್ನು ಮಕ್ಕಳು ಹೊರಡುವ ಮುಂಚೆಯೇ ಮನೆಯಲ್ಲಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ಕೊನೆಗೆ, ಯಾರಿಗಾದರೂ ಮುಂಗಡ ಕೊಡುವ ಮುನ್ನ ಮೂರು ಸಂಗತಿ ಗಮನದಲ್ಲಿಡಿ. ಅಂಕ ಲೆಕ್ಕ ಹಾಕುವ ಸಾಧನ ಕೆನಡಾ ಸರ್ಕಾರದ ಜಾಲತಾಣದಲ್ಲೇ ಪುಕ್ಕಟೆಯಾಗಿ ಇದೆ. ಪೂಲ್‌ಗೆ ಪ್ರೊಫೈಲ್ ಹಾಕಲು ಶುಲ್ಕವಿಲ್ಲ. ಶುಲ್ಕ ಬರುವುದು ಆಹ್ವಾನ ಬಂದ ಮೇಲೆ; 2025ರಲ್ಲಿ ಅದು ಒಬ್ಬರಿಗೆ 1,525 ಡಾಲರ್ ಇತ್ತು. ಹಣ ಪಡೆದು ನಿಮ್ಮ ಪರವಾಗಿ ಅರ್ಜಿ ನಡೆಸಲು ಅಧಿಕಾರವಿರುವುದು ಅಲ್ಲಿನ ವಕೀಲರಂಥವರಿಗೆ ಮತ್ತು ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿಸಿದವರಿಗೆ ಮಾತ್ರ. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ನಿಮ್ಮ ಕನ್ಸಲ್ಟೆಂಟರ ಹೆಸರು ಅದರಲ್ಲಿ ಇಲ್ಲದಿದ್ದರೆ ಅವರು ಕೊಟ್ಟ ಕಾಫಿ ಕುಡಿದು ಎದ್ದು ಬನ್ನಿ.